ರೌಟರಿನ ದೀಪ ದೊಡ್ಡದು ಮಾಡಿದ ಸಂಜೆ

ನಮ್ಮ ಮನೆಗೆ ರೌಟರ್ ಬಂದದ್ದು ನನ್ನ ತಂಗಿಯ ಸಲುವಾಗಿ. ನನಗೇನೂ ಅದು ಬೇಕಿರಲಿಲ್ಲ. ಹೊಳಲ್ಕೆರೆಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ನೋಡಿ ಕಣ್ಣು ಉರಿಸಿಕೊಂಡು ಬರುವ ಗುಮಾಸ್ತೆ ನಾನು. ಮನೆಯಲ್ಲೂ ಅದೇ ಪೀಡೆ ಯಾರಿಗೆ ಬೇಕು? ಬೇಕಾಗಿದ್ದದ್ದು ಅವ್ವನಿಗೆ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ಇರುವುದು ನಾವಿಬ್ಬರೇ. ತಂಗಿ ಮದುವೆಯಾಗಿ ಹಿರಿಯೂರಿನಲ್ಲಿದ್ದಾಳೆ, ಬಬ್ಬೂರಿನ ಹತ್ತಿರ ಒಂದು ನರ್ಸರಿಗೆ ಸಸಿ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಗಂಡ ಟೈಲರ್, ಅವನೂ ಅವಳಂತೆಯೇ. ಇಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೆ. ಹಾಗಾಗಿ ಅವ್ವನ ಜೊತೆ ಮಾತಾಡಬೇಕೆಂದರೆ ಅವಳಿಗೆ ವಿಡಿಯೋ ಕಾಲ್ ಒಂದೇ ದಾರಿ. ಮೊಬೈಲಿನ ನೆಟ್ಟು ನಮ್ಮ ಓಣಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಂಗಿಯ ಕೈ ಅರ್ಧಕ್ಕೇ ನಿಂತು, ಅವ್ವ ಫೋನನ್ನು ತಟ್ಟಿ ತಟ್ಟಿ ಬಯ್ಯುವುದನ್ನು ನೋಡಲಾರದೆ ಕೇಬಲ್‌ನವನಿಗೆ ಹೇಳಿದೆ.

ಅವ್ವ ಮತ್ತು ತಂಗಿಯ ಭಾಷೆ ನಮ್ಮ ಅಡುಗೆಮನೆಯಲ್ಲೇ ಹುಟ್ಟಿದ್ದು. ತಂಗಿ ಚಿತ್ರದುರ್ಗದ ವಸತಿ ಶಾಲೆಯಲ್ಲಿ ನಾಲ್ಕು ವರ್ಷ ಇದ್ದು ಕಲಿತ ಕೈಭಾಷೆ ಬೇರೆ, ಅದು ಗಂಡನ ಜೊತೆ. ಅವ್ವನ ಜೊತೆಗಿನದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಅಕ್ಕಿ ಎಂದರೆ ಮೊರ ಕೇರುವ ಹಾಗೆ ಎರಡು ಕೈ. ಸೋಮವಾರ ಎಂದರೆ ಹಣೆಯ ಮೇಲೆ ಮೂರು ಬೆರಳು, ವಿಭೂತಿ ಹಚ್ಚಿದಂತೆ. ತೀರಿಹೋದ ನಮ್ಮಪ್ಪ ಎಂದರೆ ಪಂಚೆಯ ತುದಿಯಲ್ಲಿ ಕನ್ನಡಕ ಒರೆಸುವುದು. ಇಂಥವು ನೂರಾರು. ಅವರಿಬ್ಬರೂ ಕುಳಿತರೆ ಗಂಟೆಗಟ್ಟಲೆ ಹರಟೆ, ಚಾಡಿ, ನಗು. ನನಗೆ ಗೊತ್ತಿದ್ದದ್ದು ಊಟ, ನಿದ್ದೆ, ಜ್ವರ, ಬಾ, ಹೋಗು, ಅಷ್ಟೇ. ಉಳಿದದ್ದಕ್ಕೆಲ್ಲ ನಾನು ಹ್ಞೂಂ ಹ್ಞೂಂ ಎಂದು ತಲೆ ಆಡಿಸುತ್ತಿದ್ದೆ. ಹೇಗೂ ಅವ್ವ ಇದ್ದಳಲ್ಲ.

ಕೇಬಲ್‌ನವನು ಐವತ್ತರ ಹತ್ತಿರದ ಮನುಷ್ಯ, ಒಳ್ಳೆಯ ತಾಳ್ಮೆಯವನು. ಕಂಬದಿಂದ ಕೂದಲೆಳೆಯಂಥ ತಂತಿ ಎಳೆದು ತಂದು, ಕಿವಿಯಂತೆ ಎರಡು ಕಡ್ಡಿ ನಿಂತ ಬಿಳಿ ಡಬ್ಬಿಯನ್ನು ನಡುಮನೆಯಲ್ಲಿ ಎತ್ತರಕ್ಕೆ ಇಡಲು ಹೋದ. ಅವ್ವ ಅಡ್ಡ ಬಂದಳು. ಡಬ್ಬಿಯಲ್ಲಿ ನಾಲ್ಕು ಹಸಿರು ದೀಪ ಹೊತ್ತಿದ್ದನ್ನು ಅವಳು ನೋಡಿಬಿಟ್ಟಿದ್ದಳು.

"ದೀಪ ಐತಲ್ಲಪ್ಪ ಅದ್ರಾಗೆ! ದೀಪ ಇರೋದು ದೇವರ ಹತ್ರನೇ ಇರ್ಲಿ. ಆ ಗೂಡಿನಾಗೆ ಇಡು."

"ಗೂಡಿನಾಗೆ ಇಟ್ರೆ ಸಿಗ್ನಲ್ ಹೊರಗೆ ಬರಲ್ಲಮ್ಮ."

"ದೇವರ ಹತ್ರ ಇಟ್ರೆ ಎಲ್ಲ ಬರ್ತೈತೆ, ನೀನು ಇಡು."

ಇಟ್ಟ, ಪಾಪ. ನಾನು ಸಂಜೆ ಬಂದು ನೋಡಿದರೆ ಗೋಡೆಯ ಗೂಡಿನೊಳಗೆ ದೇವರ ಪಟದ ಪಕ್ಕ ರೌಟರ್, ಅದರ ಮೈಮೇಲೆ ಮೂರು ಗೆರೆ ವಿಭೂತಿ, ತಲೆಯ ಮೇಲೆ ಅವ್ವನೇ ಹೆಣೆದ ಕ್ರೋಶಾ ಬಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಯಾಕೋ ನಗು ಬಂತು.

ನಗು ಒಂದು ವಾರವೂ ಉಳಿಯಲಿಲ್ಲ. ತಂಗಿಯ ಚಿತ್ರ ಮೊದಲಿಗಿಂತ ಹೆಚ್ಚು ಒಡೆಯತೊಡಗಿತು. ಕೇಬಲ್‌ನವನು ಮತ್ತೆ ಬಂದ. ಕುಂತ್ಕಳ್ರಿ ಎಂದು ಚಹಾ ಕೊಟ್ಟು, "ಈ ಡಬ್ಬಿ ಮಾಡೋದಾದ್ರೂ ಏನು, ಸ್ವಲ್ಪ ಬಿಡಿಸಿ ಹೇಳ್ರಿ" ಎಂದೆ.

"ಏನಿಲ್ಲ ಅಕ್ಕ. ಹೊರಗಿಂದ ಬರೋ ತಂತಿ ಒಂದೇ. ಒಳಗೆ ಕೇಳೋರು ಎಷ್ಟು? ನಿಮ್ಮ ಫೋನು, ಅಮ್ಮನ ಫೋನು, ಟಿವಿ. ಒಂದೊಂದಕ್ಕೂ ಈ ಡಬ್ಬಿ ಒಂದೊಂದು ನಂಬರ್ ಕೊಟ್ಟಿರ್ತೈತೆ. ಹೊರಗಿನೋರಿಗೆ ಮಾತ್ರ ಇಡೀ ಮನೆಗೆ ಒಂದೇ ವಿಳಾಸ. ಯಾರು ಏನು ಕೇಳಿದ್ರು ಅಂತ ನೆನಪಿಟ್ಕಂಡು, ಬಂದಿದ್ದನ್ನ ಅವರವರಿಗೇ ಮುಟ್ಟಿಸ್ತೈತೆ. ಅಷ್ಟೇ ಅದರ ಕೆಲಸ."

ನನಗೆ ಥಟ್ಟನೆ ತಿಳಿಯಿತು. ನಮ್ಮ ಶಾಲೆಗೆ ಬರುವ ಟಪಾಲೂ ಹಾಗೆಯೇ. ಹೊರಗಿನವರಿಗೆ ಶಾಲೆಯ ವಿಳಾಸ ಒಂದೇ. ಒಳಗೆ ಇದು ಹೆಡ್‌ಮಾಸ್ಟರಿಗೆ, ಇದು ಬಿಸಿಯೂಟದವರಿಗೆ, ಇದು ಡ್ರಿಲ್ ಮೇಷ್ಟ್ರಿಗೆ ಎಂದು ಹಂಚುವವಳು ನಾನು. ಲಕೋಟೆಯೊಳಗೆ ಸುಖ ಇದೆಯೋ ದುಃಖ ಇದೆಯೋ ನನಗೆ ಸಂಬಂಧವಿಲ್ಲ.

ಇನ್ನೂ ಕೇಳಿದೆ, ಅವನೂ ಹೇಳಿದ. ಹಿರಿಯೂರಿನಿಂದ ನನ್ನ ತಂಗಿಯ ಮುಖ ಇಡಿಯಾಗಿ ಬರುವುದಿಲ್ಲವಂತೆ. ಸಣ್ಣ ಸಣ್ಣ ತುಣುಕಾಗಿ, ಪ್ರತಿ ತುಣುಕೂ ತನ್ನ ವಿಳಾಸ ಹೊತ್ತುಕೊಂಡು ಬರುತ್ತದೆ. ರೌಟರ್ ಅವನ್ನು ಗಾಳಿಯಲ್ಲಿ ಫೋನಿಗೆ ಕಳಿಸುತ್ತದೆ, ಫೋನು ಜೋಡಿಸಿ ತೋರಿಸುತ್ತದೆ. ಕಳಿಸುವುದರಲ್ಲೂ ಎರಡು ಬಗೆ. ಒಂದು ದೂರ ಹೋಗುತ್ತದೆ, ಆದರೆ ನಿಧಾನ. ಇನ್ನೊಂದು ಚುರುಕು, ಆದರೆ ಗೋಡೆ ಕಂಡರೆ ಸುಸ್ತು. ನಮ್ಮದು ಒಂದೂವರೆ ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಗೂಡಿನ ಪಕ್ಕದಲ್ಲೇ ಸ್ಟೀಲ್ ಪಾತ್ರೆಗಳ ಸ್ಟ್ಯಾಂಡ್. ಎಲ್ಲ ಅಲ್ಲೇ ಬಡಿದುಕೊಂಡು ಸಾಯುತ್ತಿದ್ದವು. ಸಾಲದ್ದಕ್ಕೆ ಬಟ್ಟೆ ಹೊದ್ದು ಡಬ್ಬಿ ಒಲೆಯಂತೆ ಕಾದಿತ್ತು. ಅದನ್ನು ಕೇಳಿ ಅವ್ವ, "ಅಯ್ಯೋ ಶಿವನೆ, ಅದಕ್ಕೂ ಸೆಖೆ ಆಗ್ತೈತಾ!" ಎಂದು ಆ ಕ್ಷಣವೇ ಬಟ್ಟೆ ತೆಗೆದಳು. ಹೇಗೋ ಪುಸಲಾಯಿಸಿ, ಡಬ್ಬಿಯನ್ನು ಗೂಡಿನಿಂದ ಹೊರಗೆ, ಗೂಡಿನ ಮೇಲುಗಡೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದೆವು.

ಅಲ್ಲಿಂದ ಚಿತ್ರ ನಿಚ್ಚಳವಾಗಿ ಬಂತು. ತಂಗಿಯ ಉಗುರಿನ ಸಂದಿನ ಮಣ್ಣು ಸಹ ಕಾಣುತ್ತಿತ್ತು. ಆದರೆ ಅವ್ವ ಸುಮ್ಮನಿರಬೇಕಲ್ಲ! ಮೇಲಿನ ಮನೆಯ ಬಾಡಿಗೆಯವರು ಒಂದು ದಿನ ಚಿತ್ರಾನ್ನ ತಂದುಕೊಟ್ಟರೆಂದು ಪಾಸ್‌ವರ್ಡ್ ಬರೆದು ಕೊಟ್ಟುಬಿಟ್ಟಳು. ಅವರ ಮನೆಯಲ್ಲಿ ಐದು ಫೋನು. ಸಂಜೆಯಾದರೆ ಐದರಲ್ಲೂ ಕ್ರಿಕೆಟ್ಟು, ಸೀರಿಯಲ್ಲು. ಎಲ್ಲರೂ ಒಟ್ಟಿಗೆ ಕೇಳಿದರೆ ಡಬ್ಬಿಯ ಮುಂದೆ ಸಾಲು ಬೆಳೆಯುತ್ತದೆ, ತಡೆಯಲಾರದೆ ಅದು ಕೆಲವು ತುಣುಕನ್ನು ಕೈಬಿಡುತ್ತದೆ. ಒಮ್ಮೊಮ್ಮೆ ಯಾರಿಗೆ ಏನು ಎಂಬ ಅದರ ಪಟ್ಟಿಯೇ ಗೋಜಲಾಗಿ, ದೀಪ ಉರಿಯುತ್ತಿದ್ದರೂ ಡಬ್ಬಿ ಪೂರ್ತಿ ಮಂಕಾಗುತ್ತದೆ. ಆಗ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಬೇಕು. ಅದು ಎಲ್ಲವನ್ನೂ ಮರೆತು ಹೊಸದಾಗಿ ಪಟ್ಟಿ ಬರೆದುಕೊಳ್ಳುತ್ತದೆ.

ಇಲ್ಲಿ ಶುರುವಾಯಿತು ನೋಡಿ ನಮ್ಮ ಮನೆಯ ಜಗಳ. ನಮ್ಮಲ್ಲಿ ದೀಪ ಆರಿಸು ಎನ್ನುವ ಮಾತೇ ಇಲ್ಲ. ಆ ಮಾತು ಅಶುಭ. ದೀಪ ದೊಡ್ಡದು ಮಾಡು ಎನ್ನಬೇಕು. ಅವ್ವನ ಬಾಯಲ್ಲಿ ಜೀವಮಾನದಲ್ಲಿ 'ಆರಿಸು' ಎಂಬ ಪದ ಬಂದದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ನಾನು ಆಫೀಸಿನಲ್ಲಿದ್ದಾಗ ಅವಳೇ ಕೇಬಲ್‌ನವನಿಗೆ ಫೋನ್ ಮಾಡಿ, "ದೊಡ್ಡದು ಮಾಡೀನಪ್ಪ, ಆದ್ರೂ ಬರವಲ್ದು" ಎಂದಿದ್ದಾಳೆ. ಅವನು ತಲೆ ಕೆರೆದುಕೊಂಡು, "ಅದರಾಗೆ ಚಿಕ್ಕದು ದೊಡ್ಡದು ಅಂತ ಏನೂ ಇಲ್ಲಮ್ಮ, ಹೆಂಗೆ ದೊಡ್ಡದು ಮಾಡಿದ್ರಿ?" ಎಂದು ಕೇಳಿದ್ದಾನೆ. ಆ ಮಾತನ್ನು ನಾನೂ ಅವನೂ ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೋ. ಹಗಲಲ್ಲಿ ಏನೋ ದೊಡ್ಡದು ಮಾಡುತ್ತಿದ್ದಳು, ಆದರೆ ಮುಸ್ಸಂಜೆಯಲ್ಲಿ ಜಪ್ಪಯ್ಯ ಎಂದರೂ ಇಲ್ಲ. ದೇವರ ಮುಂದೆ ದೀಪ ಹಚ್ಚುವ ಹೊತ್ತಿನಲ್ಲಿ, ಉರಿಯುವ ದೀಪಕ್ಕೆ ಕೈ ಹಾಕುವುದುಂಟೆ? ಡಬ್ಬಿ ಮಂಕಾಗುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ, ತಂಗಿ ಕೆಲಸ ಮುಗಿಸಿ ಫೋನ್ ಮಾಡುತ್ತಿದ್ದದ್ದೂ ಅದೇ ಹೊತ್ತಿಗೆ. "ನಿನ್ನ ಶಾಸ್ತ್ರಕ್ಕೆ ಬೆಂಕಿ ಬಿತ್ತು!" ಎಂದು ನಾನು ರೇಗುತ್ತಿದ್ದೆ. "ನಿನ್ನ ನಾಲಿಗೆಗೆ ಬೀಳ್ತೈತೆ" ಎನ್ನುತ್ತಿದ್ದಳು ಅವ್ವ. ಹಾಗೂ ಹೀಗೂ ದಿನ ಹೋಗುತ್ತಿತ್ತು.

ಈ ಬೇಸಿಗೆಯಲ್ಲಿ ತಂಗಿ ಬಸುರಾದಳು. ಅವಳಿಗೆ ಮೂವತ್ತೆಂಟು, ಮದುವೆಯಾಗಿ ಒಂಬತ್ತು ವರ್ಷ. ಎಲ್ಲರೂ ಆಸೆ ಬಿಟ್ಟಿದ್ದೆವು. ಸುದ್ದಿ ಹೇಳಿದ ಸಂಜೆ ನಾನೂ ಪಕ್ಕದಲ್ಲಿದ್ದೆ. ತಂಗಿ ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದಳು. ಬೆರಳು ನೆಟ್ಟಗೆ ನಿಂತರೆ ದೀಪ. ಅವ್ವ ಕೂಗಿದ್ದು ಮೇಲಿನ ಮನೆಗೂ ಕೇಳಿರಬೇಕು. "ಹೊಟ್ಟೆಯೊಳಗೆ ದೀಪ ಹತ್ತೈತಂತೆ ಕಣೇ!" ನಾನು ಸೆರಗು ಬಾಯಿಗೆ ಒತ್ತಿ ಅತ್ತೆ. ಅಷ್ಟು ಸಂತೋಷ ನಮ್ಮ ಮನೆಗೆ ಬಂದು ಬಹಳ ಕಾಲವಾಗಿತ್ತು.

ಮೂರನೇ ತಿಂಗಳು ನಡೆಯುವಾಗ ಅವ್ವನ ಕಣ್ಣಿನ ಪೊರೆ ತೆಗೆಸಲು ದುರ್ಗಕ್ಕೆ ಕರೆದುಕೊಂಡು ಹೋದೆ. ಕರಿ ಕನ್ನಡಕ ಹಾಕಿ ಕಳಿಸಿದ ಡಾಕ್ಟರು, ಒಂದು ವಾರ ಫೋನು ಟಿವಿ ಕಡೆ ತಿರುಗಿಯೂ ನೋಡಬಾರದು ಎಂದರು. ಇನ್ನೊಂದು ಕಣ್ಣು ಮೊದಲೇ ಮಸುಕು. ನಾನಂತೂ ಪೊಲೀಸಿನವಳಂತೆ ಕಾವಲಿಗೆ ನಿಂತೆ. ತಂಗಿಗೂ ಫೋನಿನಲ್ಲಿ ಅವ್ವನ ಕನ್ನಡಕ ತೋರಿಸಿ, ಬೆರಳಲ್ಲಿ ಏಳು ಎಣಿಸಿ ಹೇಳಿದ್ದೆ.

ನಾಲ್ಕನೆಯ ದಿನ ಸಂಜೆ ಫೋನು ಬೆಳಗಿತು. ತಂಗಿ. ನಾನು ಎತ್ತಿಕೊಂಡೆ.

"ನನಗೆ ಕೊಡೇ, ಒಂದೇ ನಿಮಿಷ" ಎಂದಳು ಅವ್ವ ಗೋಡೆಗೆ ಒರಗಿಕೊಂಡೇ.

"ಕೊಡಲ್ಲ. ಕಣ್ಣು ಹೋದ್ರೆ ಯಾರು ನೋಡ್ಕಳೋರು? ನಾನು ಮಾತಾಡ್ತೀನಿ, ನೀನು ಸುಮ್ಕಿರು."

ಮೇಲಿನ ಮನೆಯಿಂದ ಕ್ರಿಕೆಟ್ಟಿನ ಗದ್ದಲ ಕೇಳುತ್ತಿತ್ತು. ತಂಗಿಯ ಮುಖ ಚೌಕ ಚೌಕವಾಗಿ ಕಲಸಿಹೋಗಿತ್ತು, ಕಣ್ಣೆಲ್ಲಿ ಬಾಯೆಲ್ಲಿ ತಿಳಿಯುವ ಹಾಗಿರಲಿಲ್ಲ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. ಅಲ್ಲಿಗೆ ಚಿತ್ರ ನಿಂತುಬಿಟ್ಟಿತು. ಮತ್ತೆ ಅಲ್ಲಾಡಿದಾಗ ಅವಳ ಎರಡೂ ಕೈ ಅಗಲವಾಗಿ ತೆರೆದುಕೊಂಡಿದ್ದವು. ಇನ್ನೊಂದು ಸಲ ಹಾಗೆಯೇ ಆಯಿತು: ಹೊಟ್ಟೆ, ನಿಂತ ಚಿತ್ರ, ಅಗಲವಾದ ಕೈಗಳು.

ಹೊಟ್ಟೆ ದೊಡ್ಡದಾಗಿದೆ! ಇಷ್ಟು ಸುಲಭದ್ದು ನನಗೆ ತಿಳಿಯದೆ? ನಾನು ಹಲ್ಲು ಕಾಣುವಂತೆ ನಕ್ಕೆ. ಹೆಬ್ಬೆರಳು ಎತ್ತಿ ಭೇಷ್ ಎಂದೆ. ತುತ್ತು ಮಾಡಿ ಬಾಯಿಗೆ ಹಾಕಿಕೊಳ್ಳುವ ಹಾಗೆ ಮಾಡಿ, ಚೆನ್ನಾಗಿ ತಿನ್ನು ಎಂದೆ. ತಲೆ ಆಡಿಸಿದೆ, ಆಡಿಸಿದೆ. ಅವಳ ಕೈಗಳು ಒಂದು ಗಳಿಗೆ ಹಾಗೆಯೇ ಇದ್ದು, ಕೆಳಗಿಳಿದವು. ಕಾಲ್ ಕಡಿಯಿತು. ದರಿದ್ರ ನೆಟ್ಟು ಎಂದು ಬೈದುಕೊಂಡು ಫೋನು ಇಟ್ಟೆ.

"ಏನಂತೆ?" ಎಂದಳು ಅವ್ವ.

ಅವಳ ಕಣ್ಣಿಗೆ ಹಾಕುವ ಹನಿ ಔಷಧಿಯ ಮುಚ್ಚಳ ತಿರುಗಿಸುತ್ತಾ, "ಹೊಟ್ಟೆ ದೊಡ್ಡದಾಗೈತಂತೆ, ಚೆನ್ನಾಗವ್ಳೆ" ಎಂದೆ.

ಅವ್ವ ನನ್ನ ಕೈ ಹಿಡಿದು ದೂರ ಸರಿಸಿದಳು. "ಮೂರು ತಿಂಗಳಿಗೆ ಏನೇ ದೊಡ್ಡದಾಗ್ತೈತೆ?"

ನಾನು ಔಷಧಿಯ ಮುಚ್ಚಳ ಮತ್ತೆ ಬಿಗಿದೆ.

"ಹೆಂಗೆ ತೋರಿಸಿದ್ಲು? ನೀನು ಮಾಡಿ ತೋರಿಸು. ಹತ್ರ ಬಾ."

ಹೊಟ್ಟೆಯ ಮೇಲೆ ಕೈಯಿಟ್ಟೆ. ಕೈ ಅಗಲ ಮಾಡಿದೆ. ಅವ್ವ ತನ್ನ ಎರಡೂ ಕೈಯಿಂದ ನನ್ನ ಕೈಗಳನ್ನು ತಡವಿ ನೋಡಿದಳು.

"ನಡುವೆ? ನಡುವೆ ಏನು ಮಾಡಿದ್ಲು?"

"ನಡುವೆ ಚಿತ್ರ ನಿಂತಿತ್ತವ್ವ. ಎರಡು ಸಲನೂ."

"ಬೆರಳು ಎತ್ತಿದ್ಲಾ? ದೀಪ ತೋರಿಸಿದ್ಲಾ?"

"ಗೊತ್ತಿಲ್ಲ."

ಅವ್ವ ಕರಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ದೀಪ ದೊಡ್ಡದು ಮಾಡೋದು ಅನ್ನೋದನ್ನ ಆ ಮಗೀಗೆ ನಾನು ಬಾಯಲ್ಲಿ ಹೇಳಾಕಾಗ್ತೈತಾ? ಕೈಯಲ್ಲೇ ಕಲಿಸಿದ್ದೆ. ಬೆರಳು ಎತ್ತಿ, ಆಮೇಲೆ ಎರಡೂ ಕೈ ಅಗಲ ಮಾಡಿದ್ರೆ..." ಅವಳೂ ಹಾಗೆಯೇ ಕೈ ಅಗಲ ಮಾಡಿದಳು. "ಆರಿಹೋತು ಅಂತ ಕಣೇ. ಆರಿಹೋತು ಅಂತ ಹೇಳ್ತಾ ಇದ್ಲು ಅವಳು."

ಆ ಪದವನ್ನು ಅವ್ವನ ಬಾಯಿಂದ ಕೇಳಿದ್ದು ಅದೇ ಮೊದಲು. ನಾನು ಎತ್ತಿದ ಹೆಬ್ಬೆರಳು ನೆನಪಾಯಿತು. ಫೋನು ತೆಗೆದು ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಫೋನಿನ ಮೇಲೆ ಆ ಬಿಳಿ ಉಂಗುರ ಸುಮ್ಮನೆ ಸುತ್ತುತ್ತಿತ್ತು. ಡಬ್ಬಿ ಪೂರ್ತಿ ಮಂಕಾಗಿತ್ತು. ಗೂಡಿನಲ್ಲಿ ಅವ್ವ ನನ್ನ ಕೈಲಿ ಆಗಷ್ಟೇ ಹಚ್ಚಿಸಿದ ಎಣ್ಣೆ ದೀಪ, ಮೇಲೆ ಗೋಡೆಯಲ್ಲಿ ನಾಲ್ಕು ಹಸಿರು ದೀಪ.

ಅವ್ವ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಕೈಯಾಡಿಸಿ ಸ್ವಿಚ್ ಹುಡುಕಿ ತಾನೇ ಒತ್ತಿದಳು. ನಾಲ್ಕೂ ದೀಪ ಹೋದವು. ಅವಳು ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸಿ ಮತ್ತೆ ಒತ್ತಿದಳು. ದೀಪಗಳು ಒಂದೊಂದಾಗಿ ಬಂದವು. ಈ ಸಲ ಕಾಲ್ ಹೋಯಿತು. ಬಹಳ ಹೊತ್ತು ಹೋಯಿತು. ತಂಗಿ ಎತ್ತಲಿಲ್ಲ. ಮೂರು ಸಲ ಮಾಡಿದೆವು, ಮೂರು ಸಲವೂ ಎತ್ತಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಅವ್ವನನ್ನು ಕರೆದುಕೊಂಡು ಹೊರಟೆ. ಡಾಕ್ಟರು ಧೂಳಿಗೆ ಹೋಗಬೇಡಿ ಎಂದಿದ್ದರು. "ಕಣ್ಣು ಇಟ್ಕಂಡು ಏನು ಮಾಡ್ಲಿ, ಹೋಗಾಣ ನಡಿ" ಎಂದಳು ಅವ್ವ. ದುರ್ಗದಲ್ಲಿ ಬಸ್ಸು ಬದಲಾಯಿಸಿ ಹಿರಿಯೂರು ಸೇರುವವರೆಗೂ ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಾಗಿಲು ತೆಗೆದದ್ದು ತಂಗಿಯ ಗಂಡ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು, ಅಂಗಡಿಗೆ ಹೋಗಿರಲಿಲ್ಲ. ನಮ್ಮನ್ನು ಕಂಡು ಕೈಮುಗಿದು, ಚಹಾ ಇಡಲು ಒಳಗೆ ಹೋದ. ತಂಗಿ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಸುಣ್ಣದಂತಾಗಿತ್ತು. ಅವ್ವ ಕರಿ ಕನ್ನಡಕದಲ್ಲೇ ನೇರ ಅವಳ ಹತ್ತಿರ ಹೋಗಿ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ತಂಗಿಯ ಕೈಗಳು ಮಾತಾಡಿದವು, ಅವ್ವ ಹತ್ತಿರಕ್ಕೆ ಬಗ್ಗಿ ನೋಡುತ್ತಾ ನನಗೆ ಹೇಳಿದಳು. ಮುಂಚಿನ ದಿನ ಬೆಳಿಗ್ಗೆ ನರ್ಸರಿಯಲ್ಲೇ ಆಯಿತಂತೆ. ಜೊತೆಯ ಹೆಂಗಸರು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಮಧ್ಯಾಹ್ನ ಮನೆಗೆ ಬಂದು, ಸಂಜೆಯಾಗುವುದನ್ನೇ ಕಾದುಕೊಂಡು ಕುಳಿತಿದ್ದಳಂತೆ, ನಮಗೆ ಹೇಳಲು.

ತಂಗಿ ನನ್ನ ಕಡೆ ತಿರುಗಿದಳು. ತನ್ನ ಬಾಯಿಯ ಎರಡೂ ತುದಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು, ಕೈ ಚಾಚಿದಳು.

"ನಾನು ಹೇಳಿದಾಗ ಅಕ್ಕ ಯಾಕೆ ನಕ್ಲು ಅಂತ ಕೇಳ್ತಾಳೆ" ಎಂದಳು ಅವ್ವ.

"ಹೇಳವ್ವ ಅವಳಿಗೆ. ಚಿತ್ರ ನಿಂತಿತ್ತು, ರೌಟರ್ ಕೆಟ್ಟಿತ್ತು ಅಂತ ಹೇಳು."

"ನಾನ್ಯಾಕೆ ಹೇಳ್ಲಿ? ನಿನಗೆ ಕೈ ಇಲ್ವಾ?"

ನನಗೆ ಅಳು, ಸಿಟ್ಟು, ನಾಚಿಕೆ ಎಲ್ಲ ಒಟ್ಟಿಗೆ ಬಂತು. ಆದರೂ ಕೈ ಎತ್ತಿದೆ. ಗಾಳಿಯಲ್ಲಿ ಡಬ್ಬಿ ಬರೆದೆ. ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ ಅದರ ಕಡ್ಡಿ ತೋರಿಸಿದೆ. ಅವಳನ್ನು ತೋರಿಸಿ, ಅವಳ ಕೈಯನ್ನು ತೋರಿಸಿ, ಚೂರು ಚೂರು ಮಾಡಿ ಹಿರಿಯೂರಿನಿಂದ ಹೊಳಲ್ಕೆರೆಗೆ ತಂದೆ. ಮೇಲಿನ ಮನೆಯ ಐವರನ್ನು ತಂದು ಡಬ್ಬಿಯ ಮುಂದೆ ನಿಲ್ಲಿಸಿದೆ, ಅವರು ನೂಕಾಡಿದರು. ಒಂದು ಚೂರು ಡಬ್ಬಿಯ ಕೈಯಿಂದ ಜಾರಿ ಬಿತ್ತು. ಯಾವ ಚೂರು ಎಂದು ತೋರಿಸಲು ನನ್ನ ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದೆ. ಅದು ನನಗೆ ಸಿಗಲಿಲ್ಲ ಎಂದು ಬರಿಗೈ ತೋರಿಸಿದೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವಳ ಗಂಡನೂ ನೋಡುತ್ತಿದ್ದ. ಇಷ್ಟು ಉದ್ದದ ಮಾತನ್ನು ನಾನು ನನ್ನ ತಂಗಿಗೆ ಹೇಳಿದ್ದು ಅದೇ ಮೊದಲು.

ಅವಳು ಕೊನೆಯವರೆಗೂ ನೋಡಿದಳು. ತಾನೂ ಗಾಳಿಯಲ್ಲಿ ಡಬ್ಬಿ ಬರೆದು, ಆಯಿತು ಬಿಡು ಎಂಬಂತೆ ಕೈಯಿಂದ ಅದನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬೆರಳಿನ ತುದಿಯನ್ನು ನನ್ನ ಎದೆಗೆ ತಾಗಿಸಿದಳು. ಹುಬ್ಬು ಮೇಲೇರಿಸಿ, ಅದೇ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಅಂಗೈ ಬಿಡಿಸಿದಳು.

ಅವ್ವ ಬಾಯಿ ತೆರೆದಳು. "ಬೇಡವ್ವ, ತಿಳೀತು" ಎಂದೆ.

ಡಬ್ಬಿದು ಇರಲಿ, ನೀನು ಯಾಕೆ ಇನ್ನೊಂದು ಸಲ ಕೇಳಲಿಲ್ಲ?

ಮಂಚದ ಮೇಲೆ ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತೆ. ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದೆ. ತಂಗಿ ಕಣ್ಣೊರೆಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಮೊದಲಿಂದ ಹೇಳತೊಡಗಿದಳು.